ಕನಾರ್ಟಕವನ್ನು ತಿದ್ದಿದ ವೈನಿ

ಮೊನ್ನೆ ಬೀರುವಿನ ತಳದಲ್ಲಿ ಒಂದು ಫ್ಲಾಪಿ ಸಿಕ್ಕಿತು. ಚೀಟಿಯ ಮೇಲೆ ದುಂಡಗಿನ ಅಕ್ಷರ: ‘ಸ್ಮರಣ ಸಂಚಿಕೆ, ಖರೇನ ಕಡೀದು’. ವೈನಿಯವರ ಕೈಬರಹ...

ತೊಂಬತ್ತರ ದಶಕದಲ್ಲಿ ತಿರುವನಂತಪುರದ ನಮ್ಮ ಮೇಲಿನ ಮನೆಯಲ್ಲಿದ್ದ ಧಾರವಾಡದವರು ಅವರು. ಸಂಶೋಧನಾ ಸಂಸ್ಥೆಯೊಂದರಲ್ಲಿ ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸ. ಅತ್ತಿಗೆಗೆ ಅವರ ಕಡೆ ವೈನಿ ಎನ್ನುತ್ತಾರೆ; ಕಾಸರಗೋಡಿನವರಾದ ನಮಗೂ ಅವರು ವೈನಿಯೇ.

ಒಂದು ವರ್ಷ ಅಲ್ಲಿನ ಕನ್ನಡ ಸಂಘದ ಸ್ಮರಣ ಸಂಚಿಕೆಯನ್ನು ಟೈಪ್ ಮಾಡುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಮೂರು ತಿಂಗಳು ಕುಟ್ಟಿದೆ. ರಾಜ್ಯೋತ್ಸವಕ್ಕೆ ಎರಡು ವಾರವಿರುವಾಗ ಕೊಚ್ಚಿಗೆ ಒಯ್ದರೆ, ಪಾಲಾರಿವಟ್ಟದ ಪ್ರೆಸ್ಸಿನ ಪರದೆಯ ಮೇಲೆ ಅಕ್ಷರಗಳ ಬದಲು ಬರೀ ಕಸ. ನಮ್ಮದು ಒಂದು ಕಂಪನಿಯ ಕನ್ನಡ ತಂತ್ರಾಂಶ, ಪ್ರೆಸ್ಸಿನಲ್ಲಿದ್ದದ್ದು ಅದರ ಎದುರಾಳಿಯದು. ಒಬ್ಬರ ಕನ್ನಡ ಇನ್ನೊಬ್ಬರಿಗೆ ತಿಳಿಯಬಾರದೆಂದು ಇಬ್ಬರೂ ಹಟ ತೊಟ್ಟಂತಿತ್ತು. ಮತ್ತೆ ಟೈಪ್ ಮಾಡಿ ತನ್ನಿ ಎಂದರು ಪ್ರೆಸ್ಸಿನ ಚೇಟ್ಟ; ಮಲಯಾಳದಲ್ಲಿ ಅಣ್ಣನನ್ನು ಹಾಗೆ ಕರೆಯುತ್ತಾರೆ. ರೈಲಿನುದ್ದಕ್ಕೂ ಅಳುತ್ತಲೇ ಮನೆಗೆ ಬಂದೆ.

"ಅಳಬ್ಯಾಡ ತಂಗಿ," ಎಂದರು ವೈನಿ. "ಅಕ್ಷರ ಎಲ್ಲೂ ಹೋಗಿಲ್ಲ. ಇವರ ‘ಕ’ಕ್ಕ ಒಂದು ನಂಬರ್, ಅವರ ‘ಕ’ಕ್ಕ ಇನ್ನೊಂದು. ಅಷ್ಟ."

ಪ್ರೆಸ್ಸಿನಿಂದ ಅವರ ವರ್ಣಮಾಲೆಯನ್ನು ಫ್ಲಾಪಿಯಲ್ಲಿ ತರಿಸಿಕೊಂಡರು. ಹೊಸ ಹುಡುಗರೆಲ್ಲ ‘ಸಿ’ ಭಾಷೆ ಎನ್ನುತ್ತಿದ್ದ ಕಾಲ. ವೈನಿ ತಮ್ಮ ಹಳೆಯ ಫೋರ್ಟ್ರಾನಿನಲ್ಲೇ ಅಕ್ಷರ ಬದಲಿಸುವ ಪ್ರೋಗ್ರಾಂ ಬರೆದರು. ಶನಿವಾರ ಇಬ್ಬರೂ ಕೊಚ್ಚಿಗೆ ಹೋದೆವು.

ಕಸ ಮಾಯವಾಗಿ ಕನ್ನಡ ಮೂಡಿತ್ತು. ಆದರೆ ಕರ್ನಾಟಕ ‘ಕನಾರ್ಟಕ’ವಾಗಿತ್ತು. ನಮ್ಮ ಗಂಭೀರ ಕಾರ್ಯದರ್ಶಿಗಳು ‘ಕಾಯರ್ದಶಿರ್’ ಆಗಿದ್ದರು. ವೈನಿ ಕುರ್ಚಿ ಹಿಡಿದುಕೊಂಡು ನಕ್ಕರು. ಒಂದಕ್ಷರ ಕನ್ನಡ ಬಾರದ ಚೇಟ್ಟನೂ ನಮ್ಮನ್ನು ನೋಡಿ ನಗತೊಡಗಿದರು.

"ತಪ್ಪು ನಂದ," ಎಂದರು ಕಣ್ಣೊರೆಸಿಕೊಂಡು. "ಅರ್ಕಾವತ್ತು ಬಾಯಾಗ ಮೊದಲು ಬರ್ತದ, ಕೈಯಾಗ ಆಮ್ಯಾಲೆ. ನಾ ಕೈ ನಂಬಿದೆ."

ಅಲ್ಲೇ ಕೂತು, ಪ್ರತಿ ಅರ್ಕಾವತ್ತೂ ಒಂದಕ್ಷರ ಹಿಂದಕ್ಕೆ ಜಿಗಿಯುವಂತೆ ಪ್ರೋಗ್ರಾಂ ತಿದ್ದಿದರು. ರಾಜ್ಯೋತ್ಸವದ ಬೆಳಿಗ್ಗೆ ಸಂಚಿಕೆ ಎಲ್ಲರ ಕೈಯಲ್ಲಿತ್ತು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆಮೇಲೆ ಒಂದು ಕಂಪನಿಯವರು ಆ ಪ್ರೋಗ್ರಾಂ ತಮಗೊಬ್ಬರಿಗೇ ಬೇಕೆಂದು ದುಂಬಾಲು ಬಿದ್ದರಂತೆ. ವೈನಿ ಎರಡೂ ಕಂಪನಿಗಳಿಗೆ ಒಂದೊಂದು ಪ್ರತಿ ಅಂಚೆಗೆ ಹಾಕಿದರು...

ಹೋದ ತಿಂಗಳು ಅವರು ತೀರಿಕೊಂಡರು. ಈಗ ಯಾವ ಕಂಪನಿಯ ಫೋನಿನಲ್ಲೂ ಕನ್ನಡ ಸಲೀಸಾಗಿ ತೆರೆದುಕೊಳ್ಳುತ್ತದೆ. ಇಷ್ಟನ್ನೂ ಬರೆದು, ತಿರುವನಂತಪುರದಲ್ಲೇ ಬೆಳೆದ ಅವರ ಮಗಳಿಗೆ ಕಳಿಸಿದೆ. ಕೂಡಲೇ ಅವಳ ಕರೆ ಬಂತು. ಅಲ್ಲಿನವರಂತೆ ಅವಳಿಗೂ ಅಕ್ಕ ಎಂದರೆ ‘ಚೇಚಿ’.

"ಚೇಚಿ, ಅಕ್ಷರ ಎಲ್ಲಾ ಚಂದ ಬಂದಾವ. ಆದ್ರ ನನಗ ಓದಲಿಕ್ಕೆ ಬರಂಗಿಲ್ಲ. ಅಮ್ಮನೇ ಓದಿ ಹೇಳ್ತಿದ್ದಳು."

ವೈನಿ ಇಲ್ಲವೆಂಬುದು ಆಗ ನನಗೆ ನಿಜವಾಗಿ ತಟ್ಟಿತು. ಕನ್ನಡಕ ಹಾಕಿಕೊಂಡು, ಮೊದಲ ಸಾಲಿನಿಂದ ಅವಳಿಗೆ ಓದಿ ಹೇಳತೊಡಗಿದೆ.