ಸಿದ್ದಕ್ಕನ ಮಟ್ಟೆ, ಬಸವರಾಜಪ್ಪನ ಕೆರೆ ಮನೆ

ಸಿದ್ದಕ್ಕ ಪಕ್ಕಕ್ಕೆ ಬಂದರೆ ವಾಸನೆ ಅಂತ ಮದುವೆ ಪಂಕ್ತಿಯಲ್ಲಿ ಜನ ಸರಿದು ಕೂರುತ್ತಿದ್ದರು. ಬರುತ್ತದಪ್ಪ ವಾಸನೆ, ಯಾಕೆ ಬರಬಾರದು? ಮೂವತ್ತು ವರ್ಷ ಕೊಳೆತ ತೆಂಗಿನಕಾಯಿ ಮಟ್ಟೆ ಬಡಿದು, ನಾರು ತೆಗೆದು, ಹಗ್ಗ ಹೊಸೆದ ಕೈ ಅದು. ದಬ್ಬೇಘಟ್ಟದ ಸುತ್ತ ಎತ್ತಿನ ಕೊರಳಿಗೂ ಬಾವಿ ಕೊಡಕ್ಕೂ ಅವಳ ಹಗ್ಗವೇ. ಆ ಹಗ್ಗ ಮಾತ್ರ ಯಾವ ಮಹಾನುಭಾವನಿಗೂ ನಾರುತ್ತಿರಲಿಲ್ಲ.

ಊರ ಕೆರೆಯ ಬಡಗಣ ಮೂಲೆ ಮಟ್ಟೆಗೆಂದೇ ಹಿಂದಿನಿಂದ ಬಿಟ್ಟ ಜಾಗ. ಅಲ್ಲಿ ದನಕ್ಕೆ ನೀರು ಕುಡಿಸುವುದಿಲ್ಲ, ಬಟ್ಟೆ ಒಗೆಯುವುದಿಲ್ಲ. ದೀಪಾವಳಿಗೆ ಮುಂಚೆ ಮಟ್ಟೆ ಮುಳುಗಿಸಿ, ಮೇಲೆ ಕೆಸರು, ಕಲ್ಲು ಹೇರಿದರೆ ಯುಗಾದಿ ಕಳೆದು ತಿಂಗಳಾಗುವವರೆಗೆ ಮುಟ್ಟುವಂತಿಲ್ಲ.

ಎಪ್ಪತ್ತೆಂಟರ ಬೇಸಿಗೆ. ತಿಪಟೂರಿನ ಕೊಬ್ಬರಿ ಮಂಡಿ ಬಸವರಾಜಪ್ಪ ಒಂದು ಕ್ಯಾಲೆಂಡರ್ ಹಿಡಿದು ಕಾರಿನಲ್ಲಿ ಬಂದ. ಅದರಲ್ಲಿ ಯಾವುದೋ ದೇಶದ ಕಾಡು, ಕೆರೆ, ದಡದಲ್ಲಿ ದಿಮ್ಮಿಯ ಮನೆ. ಅಂಥದ್ದೇ ಇಲ್ಲೊಂದು ಆಗಬೇಕಂತೆ. ಬೊಂಬಾಯಿಯ ಬೀಗರು ಬಂದು ಹತ್ತು ದಿನ ಹಳ್ಳಿಯವರ ಹಾಗೆ ಇರುತ್ತಾರಂತೆ. ಹಳ್ಳಿಯವರ ಹಾಗೆ! ಜೊತೆಗೆ ಮಂಚ, ಐಸ್ ಪೆಟ್ಟಿಗೆ, ಗ್ರಾಮಫೋನು, ಅಡುಗೆ ಭಟ್ಟ. ದಿಮ್ಮಿ ಸಿಗದೆ ತೆಂಗಿನ ಕಂಬ, ಗರಿಯ ಹೊದಿಕೆ ಸಾಕು ಎಂದಾಯಿತು. ಹೊಂಗೆ ನೆರಳಿದ್ದದ್ದು ಬಡಗಣ ಮೂಲೆಯಲ್ಲಿ ಮಾತ್ರ. ಊರಿನ ದೊಡ್ಡವರು ಹಲ್ಲುಗಿಂಜಿ ಒಪ್ಪಿದರು. ಕಂಬ, ಗರಿ ಕಟ್ಟಲು ಹಗ್ಗ ಕೇಳಿ, ನೆಂಟರು ಹೋದ ಮೇಲೆ ಬಿಚ್ಚಿ ಕೊಡುತ್ತೇವೆ ಎಂದಿದ್ದಕ್ಕೆ ಸಿದ್ದಕ್ಕ ಮನೆಯಲ್ಲಿದ್ದ ಎಂಟು ಸುತ್ತು ಹಗ್ಗವನ್ನೂ ಎತ್ತಿ ಕೊಟ್ಟಳು.

ಗುಡಿಸಲು ಎದ್ದ ಮೇಲೆ ಬಸವರಾಜಪ್ಪನ ಮೂಗು ಎಚ್ಚರವಾಯಿತು.

"ಏನಮ್ಮ ಇದು ಗಬ್ಬು? ನಾಳಿದ್ದು ನೆಂಟ್ರು ಬತ್ತಾರೆ. ಅಷ್ಟರೊಳಗೆ ಎಲ್ಲಾ ಎತ್ತಿಸು."

"ಇನ್ನೊಂದು ತಿಂಗ್ಳು ಬುಡಿ ಸ್ವಾಮಿ, ಕೈ ಮುಗೀತೀನಿ. ಈಗ ಎತ್ತಿದ್ರೆ ನಾರು ಬುಡಾಕಿಲ್ಲ, ನನ್ನ ವರ್ಷದ ಕೂಳೇ ಹೋಯ್ತದೆ. ನೀರೊಳಗಿದ್ರೆ ನಾತ ನೀರೊಳಗೇ ಇರ್ತದೆ. ಮ್ಯಾಲೆ ತೆಗುದ್ರೆ ಊರೇ ಗಬ್ಬೇಳ್ತದೆ."

"ನಂಗೇ ತೆಂಗಿನ ವಿಷ್ಯ ಹೇಳಿಕೊಡ್ತೀಯಾ? ಮೂರು ತಲೆಮಾರಿನ ಕೊಬ್ಬರಿ ವ್ಯಾಪಾರ ಕಣಮ್ಮ ನಮ್ದು!"

ಅವನ ಮಂಡಿಗೆ ಬರುವುದು ಸುಲಿದು, ಒಡೆದು, ಒರೆಸಿದ ಕೊಬ್ಬರಿ ಗಿಟುಕು. ಮಟ್ಟೆ ಅತ್ತ ತಲೆ ಹಾಕಿದ್ದೇ ಇಲ್ಲ. ಇಂಥವನಿಗೆ ಹೇಳಿ ಏನು ಬಂತು? ಆಳುಗಳು ಕಲ್ಲು ಸರಿಸಿ ಮಟ್ಟೆಯನ್ನೆಲ್ಲ ದಡಕ್ಕೆ ಎಳೆದು ಹಾಕಿದರು. ಕಪ್ಪು ಲೋಳೆ ಸುರಿಯಿತು, ನೊಣ ಮುತ್ತಿತು. ಅಯ್ಯಯ್ಯೋ, ಆ ನಾತ! ಎರಡು ದಿನ ಬಿಸಿಲು ಬಿದ್ದ ಮೇಲಂತೂ ಊರಲ್ಲಿ ತುತ್ತು ಗಂಟಲಿಗೆ ಇಳಿಯಲಿಲ್ಲ. ಬಸವರಾಜಪ್ಪ ಗುಡಿಸಲಿನ ಗರಿಗೂ ಹಗ್ಗಕ್ಕೂ ಬಾಟಲಿಗಟ್ಟಲೆ ಸೆಂಟು ಹೊಡೆಸಿದ.

ಬೀಗರ ಕಾರು ಬಂತು. ಬೀಗಿತ್ತಿ ಒಂದು ಕಾಲು ಕೆಳಗಿಟ್ಟವಳೇ ರೇಷ್ಮೆ ಸೀರೆಯ ಮೇಲೇ ವಾಂತಿ ಮಾಡಿಕೊಂಡಳು. ಕಾರು ಹಾಗೇ ತಿರುಗಿತು. ಬಸವರಾಜಪ್ಪ ಸಿದ್ದಕ್ಕನ ಮೇಲೆ ಹಾರಾಡಿ, "ಬೇಕಂತಲೇ ಮಾಡಿದ್ದೀಯ" ಎಂದು ಕೂಗಿ, ಅವರ ಹಿಂದೆಯೇ ಓಡಿದ. ಥೂ, ಅವನ ಮುಖಕ್ಕಿಷ್ಟು!

ಸಿದ್ದಕ್ಕ ಒಂದು ಮಟ್ಟೆ ಎತ್ತಿ ಹಲಗೆ ಮೇಲಿಟ್ಟು ಬಡಿದಳು. ನಾರು ಬಿಡಲಿಲ್ಲ. ಇನ್ನೊಂದನ್ನು ಬಡಿದಳು, ಅದೂ ಬಿಡಲಿಲ್ಲ. ಹೊರಗೆ ಒಣಗಿ ಸೆಟೆದಿತ್ತು, ಒಳಗೆ ಹಸಿ. ಅವಳು ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹೋಗಿ ಗುಡಿಸಲಿನ ಗಂಟು ಒಂದೊಂದೇ ಬಿಚ್ಚತೊಡಗಿದಳು. ಗರಿ ಜಾರಿತು, ಕಂಬ ವಾಲಿತು. ಹಗ್ಗವೆಲ್ಲ ಸುತ್ತಿ ಹೆಗಲಿಗೇರಿಸಿಕೊಂಡಳು.

ದಾರಿಯಲ್ಲಿ ಪಕ್ಕದ ಮನೆಯ ಪುಟ್ಟಗಂಗಮ್ಮ ಮೂಗು ಮುಚ್ಚಿಕೊಂಡೇ ಕೇಳಿದಳು: "ಈ ವರ್ಷಕ್ಕೆ ಏನ್ ಮಾಡ್ತೀಯೇ ಸಿದ್ದಕ್ಕ?"

"ಈ ವರ್ಷಕ್ಕೆ ಇಷ್ಟೇ ಕಣೇ" ಎಂದು ಸಿದ್ದಕ್ಕ ಹಗ್ಗ ತೋರಿಸಿದಳು. ಅದು ತನ್ನ ಮೂಗಿನ ಹತ್ತಿರ ಬಂದದ್ದೇ ಸಿದ್ದಕ್ಕನೇ ಮುಖ ಸಿಂಡರಿಸಿ ಉಗಿದಳು.

"ಥೂ, ಸೆಂಟಿನ ನಾತ! ಇದನ್ನ ಯಾರು ಕೊಂಡ್ಕೋತಾರೆ? ನಡಿಯೇ, ಮೊದ್ಲು ತೊಳೀಬೇಕು."