ಇವತ್ತೇ ಬಂದ ಸಕ್ಕರೆ ಕಾಯಿಲೆ

ಕನ್ನಡಕದಂಗಡಿಯ ಯಜಮಾನರು ಸುಳ್ಳು ಹೇಳುವವರಲ್ಲ ಎಂದು ಬೀದಿಗೆಲ್ಲ ಗೊತ್ತಿತ್ತು. ಕಣ್ಣು ನೆಟ್ಟಗಿದ್ದವರು ಬಂದರೆ "ನಿಮಗ್ಯಾಕ್ರೀ ಕನ್ನಡಕ, ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿ" ಎಂದು ಗಿರಾಕಿಯನ್ನೇ ಸಾಗಹಾಕುವ ಆಸಾಮಿ. ಅಂಥವರೂ ಒಂದು ಸುಳ್ಳು ಬರೆದರು.

ಅವರ ಹೆಂಡತಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಆರೋಗ್ಯ ವಿಮೆಯ ಕಂತು ಮೂರೇ ವರ್ಷದಲ್ಲಿ ಇಮ್ಮಡಿಯಾಗಿತ್ತು. ಅದರಿಂದ ಅವರು ಬಿಡಿಗಾಸೂ ಪಡೆದಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಸರಿ ಸ್ವಾಮಿ, ವರ್ಷಕ್ಕೊಂದು ಗೇಣು ಹಾಸಿಗೆಯನ್ನೇ ಕತ್ತರಿಸಿದರೆ ಕಾಲನ್ನೇನು ಮಾಡಬೇಕು? ಅಂಗಡಿಗೆ ಬಂದವರಿಗೆಲ್ಲ ಯಜಮಾನರ ಭಾಷಣ: "ಗಟ್ಟಿಮುಟ್ಟಾಗಿರೋರು, ಕಾಯಿಲೆಯೋರು, ಎಲ್ರನ್ನೂ ಒಂದೇ ದರಕ್ಕೆ ಸೇರಿಸ್ಕೋಬೇಕು. ದರ ಏರಿಸೋಕೆ ಮುಂಚೆ ಯಾಕೆ ಅಂತ ಜನಕ್ಕೆ ಹೇಳ್ಬೇಕು. ಆಗ ನೋಡಿ, ಕಂತು ಹೇಗೆ ದಾರಿಗೆ ಬರುತ್ತೆ!"

ಹೀಗೆ ಭಾಷಣ ಬಿಗಿದವರು, ಒಂದು ಸಂಜೆ ಅಗ್ಗದ ಇನ್ನೊಂದು ಕಂಪನಿಯ ಅರ್ಜಿ ತುಂಬಿದರು. ಮೊದಲೇ ಇರುವ ಕಾಯಿಲೆ ಯಾವುದು ಎಂದು ಕೇಳಿದ್ದ ಕಡೆ 'ಇಲ್ಲ' ಎಂದು ಬರೆದರು.

"ಇದ್ಯಲ್ರೀ?" ಎಂದರು ಹೆಂಡತಿ.

"ಬರೆದ್ರೆ ಕಂತು ದುಪ್ಪಟ್ಟು ಕಣೇ. ಎಲ್ರೂ ಹೀಗೇ ಬರೆಯೋದು. ಸಹಿ ಹಾಕು."

ಆಕೆ ಹಾಕಿದರು. ಅಂದಿನಿಂದ ಯಜಮಾನರು ಮಾತ್ರೆಯನ್ನು ಗುರುತಿಲ್ಲದ ದೂರದ ಅಂಗಡಿಯಿಂದ, ದಾಖಲೆ ಉಳಿಯದಂತೆ ಡಾಕ್ಟರ ಚೀಟಿಯಿಲ್ಲದೆ ತರತೊಡಗಿದರು.

ಒಂದು ವರ್ಷವಾಗಿತ್ತು. ಆಕೆಯ ಹಿಮ್ಮಡಿಯಲ್ಲಿ ಹುಣ್ಣಾಗಿ, ಕೀವು ತುಂಬಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಡಾಕ್ಟರಮ್ಮ ರಕ್ತದ ವರದಿ ನೋಡಿ ಕೇಳಿದರು: "ಸಕ್ಕರೆ ಇಷ್ಟೊಂದು ಇದ್ಯಲ್ಲಮ್ಮ, ಎಷ್ಟು ವರ್ಷದಿಂದ?"

ಆಕೆ ಗಂಡನ ಮುಖ ನೋಡಿದರು. ಗಂಡ ಮಂಚದ ಗಾಲಿ ನೋಡುತ್ತಿದ್ದರು.

"ಇವತ್ತೇ ಗೊತ್ತಾಗಿದ್ದು ಡಾಕ್ಟ್ರೇ," ಎಂದರು ಆಕೆ.

ಸರಿ, ಹೊಸಬರಿಗೆ ಪಾಠ ಶುರುವಾಯಿತು. ನರ್ಸ್ ಪಕ್ಕದಲ್ಲಿ ಕುಳಿತು, ಬೆರಳು ಚುಚ್ಚಿ ಸಕ್ಕರೆ ನೋಡುವುದನ್ನು ಹೇಳಿಕೊಟ್ಟಳು. "ಹೆದರಬೇಡಿ ಅಮ್ಮ, ಇರುವೆ ಕಚ್ಚಿದಷ್ಟೇ." ಒಂಬತ್ತು ವರ್ಷದಿಂದ ಬೆಳಿಗ್ಗೆ ಎದ್ದೊಡನೆ ಅದನ್ನೇ ಮಾಡುತ್ತಿದ್ದಾಕೆ "ರಕ್ತ ಜಾಸ್ತಿ ಬರುತ್ತಾ?" ಎಂದು ಕೇಳಿದರು. ಚುಚ್ಚಿದಾಗ "ಹಾ" ಎಂದರು. ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಯಜಮಾನರಿಗೆ. ಮೈಯೆಲ್ಲ ನಾಚಿಕೆ.

"ಹೊಸದಾದ್ರೆ ಚಿಕ್ಕ ಮಾತ್ರೆಯಿಂದ ಶುರು ಮಾಡೋಣ," ಎಂದರು ಡಾಕ್ಟರಮ್ಮ. "ಬೇರೆ ಯಾವ ಮಾತ್ರೆನೂ ತಗೋತಿಲ್ಲ ತಾನೇ?"

ಆಕೆ ಇಲ್ಲವೆಂದು ತಲೆಯಾಡಿಸಿದರು. ದಿನಕ್ಕೆರಡು ದೊಡ್ಡ ಮಾತ್ರೆಗೇ ಬಗ್ಗದ ಸಕ್ಕರೆ, ಚಿಕ್ಕದಕ್ಕೆ ಬಗ್ಗೀತೆ? ಹುಣ್ಣು ಮಾಯದಿದ್ದರೆ ಕಾಲೇ ಹೋಗುತ್ತದೆ. ಬಾಯಿ ಬಿಟ್ಟರೆ ವಿಮೆ ಹೋಗುತ್ತದೆ. ಕಾಲೋ ವಿಮೆಯೋ ಎಂದು ಯಜಮಾನರು ಒಂದು ಗಳಿಗೆ ಯೋಚಿಸಿದರಲ್ಲ, ಅದನ್ನು ನೆನೆದರೆ ಇವತ್ತಿಗೂ ಅವರು ತಲೆ ತಗ್ಗಿಸುತ್ತಾರೆ.

"ಡಾಕ್ಟ್ರೇ, ಒಂಬತ್ತು ವರ್ಷದಿಂದ ಇದೆ," ಎಂದರು ಕೊನೆಗೆ. "ಅರ್ಜಿಲಿ ಸುಳ್ಳು ಬರೆದೋನು ನಾನು."

ಡಾಕ್ಟರಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಈ ವಾರ್ಡಲ್ಲಿ ವಾರಕ್ಕೆ ನಾಲ್ಕು ಜನಕ್ಕೆ ಇವತ್ತೇ ಸಕ್ಕರೆ ಕಾಯಿಲೆ ಬರುತ್ತೆ ಯಜಮಾನ್ರೇ. ವಿಮೆ ದುಡ್ಡು ಸಿಗಲ್ಲ, ಗೊತ್ತಲ್ಲ? ಆ ಮಾತ್ರೆ ಹೆಸರು ಹೇಳಿ." ನರ್ಸ್ ತನ್ನ ಸಾಮಾನು ಎತ್ತಿಕೊಂಡು ಹೊರಟುಹೋದಳು.

ಇಬ್ಬರೇ ಉಳಿದಾಗ, ಹೆಂಡತಿ ಸಮಾಧಾನ ಹೇಳಿಯಾಳು ಎಂದುಕೊಂಡರು ಯಜಮಾನರು. ಆಕೆ ಗೋಡೆಯ ಕಡೆ ತಿರುಗಿದರು.

"ಒಂಬತ್ತು ವರ್ಷ ಮಾತ್ರೆ ನುಂಗಿದೀನಿ, ಒಂದು ದಿನವೂ ನಾಚಿಕೆ ಅನ್ನಿಸಿರ್ಲಿಲ್ಲ ರೀ. ಇವತ್ತು ಆ ನರ್ಸು ಕೈ ಹಿಡ್ಕೊಂಡು ಧೈರ್ಯ ಹೇಳಿದ್ಲಲ್ಲ, ಆಗ ಅನ್ನಿಸ್ತು."

"ತಪ್ಪಾಯ್ತು ಕಣೇ..."

"ನನಗಲ್ಲ. ಹೋಗಿ ಅವಳನ್ನ ಕರೀರಿ, ಇಬ್ರೂ ಸೇರಿ ಹೇಳೋಣ."