ದೊಡ್ಡವ್ವನ ಬೈಠಕ್

ರಾಯಚೂರಿನಲ್ಲಿ ನಾನಿರುವ ಬಾಡಿಗೆ ಮನೆಯ ಕೆಳಗೆ ಒಬ್ಬ ಮುದುಕಿ ಇದ್ದಾರೆ. ಹೊತ್ತು ಇಳಿಯುತ್ತಿದ್ದಂತೆ ಎಳ್ಳೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸುತ್ತಾರೆ. ಒಲೆಯಿಂದ ಇಳಿಸುವಾಗ ಕರ್ಪೂರ ಪುಡಿ ಮಾಡಿ ಉದುರಿಸುತ್ತಾರೆ. ಮೊಣಕಾಲಿಗೆ ತಿಕ್ಕಿಕೊಳ್ಳುವ ಆ ಎಣ್ಣೆಯ ವಾಸನೆ ಮೆಟ್ಟಿಲು ಹತ್ತಿ ಬಂದು ನನ್ನ ಕೋಣೆಯಲ್ಲಿ ನಿಂತುಬಿಡುತ್ತದೆ. ಆಗ ಕೈಯಲ್ಲಿ ಯಾವ ಕೆಲಸವಿದ್ದರೂ ಮುಂದೆ ಸಾಗುವುದಿಲ್ಲ. ಗಡಿಯಾಚೆಯ ತೆಲುಗು ಸೀಮೆಯಲ್ಲಿ ನಾರಾಯಣಪೇಟೆಯ ನೇಕಾರರ ಓಣಿಯ ನಮ್ಮ ಮನೆ, ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ, ಪಡಸಾಲೆಯಲ್ಲಿ ಎರಡು ಮಗ್ಗಗಳು ಒಂದರ ಹಿಂದೊಂದು ಬಡಿದುಕೊಳ್ಳುವ ಸಪ್ಪಳ, ಅದರ ನಡುವೆ ದೊಡ್ಡವ್ವ ನೀಲವ್ವ ತನ್ನ ಬಲಗಾಲು ಹಿಡಿದುಕೊಂಡು ನಿಟ್ಟುಸಿರು ಬಿಡುವುದು, ಎಲ್ಲ ಒಟ್ಟಿಗೆ ಬರುತ್ತವೆ. ನೀವೂ ಅಂಥ ಮನೆಯೊಂದರಲ್ಲಿ ಬೆಳೆದವರಾದರೆ ನಿಮಗೆ ಗೊತ್ತಿರುತ್ತದೆ, ವಾಸನೆ ಬಂದಷ್ಟು ಸಲೀಸಾಗಿ ಮನುಷ್ಯರು ತಿರುಗಿ ಬರುವುದಿಲ್ಲ.

ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕುಳಿತು, ಕೆಳಗಿನ ಹಲಗೆ ತುಳಿಯುತ್ತ ಲಾಳಿ ಓಡಿಸಬೇಕು. ದೊಡ್ಡವ್ವ ಮದುವೆಯಾಗಿ ಬಂದಾಗಿನಿಂದ ಒಂದೇ ಕುಣಿಯಲ್ಲಿ ಕಾಲಿಟ್ಟವಳು. ಅವಳ ಕೈಯ ಚೌಕಳಿ ಸೀರೆಗಳನ್ನು ಪೇಟೆಯ ಸಾಹುಕಾರರು ಕಣ್ಣು ಮುಚ್ಚಿ ಒಯ್ಯುತ್ತಿದ್ದರು. ನಾನು ಶಾಲೆಗೆ ಹೋಗುವ ವಯಸ್ಸಿಗೆ ಅವಳ ಮೊಣಕಾಲು ಕೆಟ್ಟಿತ್ತು. ಕುಳಿತರೆ ನೇಯುತ್ತಿದ್ದಳು, ಏಳುವುದು ಮಾತ್ರ ಆಗುತ್ತಿರಲಿಲ್ಲ. ಒಂದು ಕಡೆ ನಮ್ಮವ್ವ, ಇನ್ನೊಂದು ಕಡೆ ಅಪ್ಪ ರಟ್ಟೆ ಹಿಡಿದು ಎತ್ತಬೇಕಿತ್ತು. ಎತ್ತುವಾಗ ಅವಳು ತುಟಿ ಕಚ್ಚಿ, ಸೆರಗು ಸರಿ ಮಾಡಿಕೊಂಡು, ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ದೊಡ್ಡಪ್ಪ ಬಸಣ್ಣ ಮನೆಯಲ್ಲಿರುವುದಕ್ಕಿಂತ ತಾಲೀಮಿನಲ್ಲಿರುವುದೇ ಹೆಚ್ಚು. ಓಣಿಯ ಕೊನೆಗೆ ಕೆಮ್ಮಣ್ಣಿನ ಅಖಾಡವಿತ್ತು. ಅಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ. ಕನ್ನಡದವರು, ತೆಲುಗಿನವರು, ಸಾಬರ ಹುಡುಗರು, ಎಲ್ಲರಿಗೂ ಅವನು ಉಸ್ತಾದ್. ದೊಡ್ಡ ದನಿ, ದಪ್ಪ ಕುತ್ತಿಗೆ. ಹೆಂಡತಿಯ ಜೊತೆ ಅವನು ಕುಳಿತು ಮಾತಾಡಿದ್ದನ್ನು ನಾನು ಅಲ್ಲಿಯವರೆಗೂ ಕಂಡಿರಲಿಲ್ಲ. ಒಂದು ಬೇಸಿಗೆಯಲ್ಲಿ ದೊಡ್ಡವ್ವ ಮಗ್ಗದ ಮೇಲೇ ಕಣ್ಣು ಕತ್ತಲಿಟ್ಟು ವಾಲಿದಳು. ಅವಳ ಮಗ್ಗುಲಲ್ಲಿ ಇಟ್ಟ ತಂಬಿಗೆ ತುಂಬಿದ್ದು ತುಂಬಿದ ಹಾಗೇ ಇತ್ತು. ದೊಡ್ಡಪ್ಪ ಮುಖಕ್ಕೆ ನೀರು ಚಿಮುಕಿಸಿ ಕೇಳಿದ: "ಇಂಥಾ ಬಿಸಲಾಗ ನೀರ್ಯಾಕ ಕುಡಿಯಂಗಿಲ್ಲ ನೀ?"

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅಂದಳು: "ಕುಡದ್ರ ಹಿತ್ತಲಕ್ಕ ಹೋಗಾಕ ಏಳಬೇಕಲ್ರಿ. ಎಷ್ಟ್ ಸಲ ಮಂದೀನ ಕರೀಲಿ?"

ದೊಡ್ಡಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತುಬಿಟ್ಟ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣದಾಗಿ ಕುಳಿತದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಮರುದಿನದಿಂದ ಅವನು ಅವಳಿಗೆ ಬೈಠಕ್ ಹೊಡೆಸಲು ಶುರು ಮಾಡಿದ. ಪ್ರತ್ಯೇಕ ರಾಜ್ಯದ ಹೋರಾಟ ಜೋರಾಗಿದ್ದ ಕಾಲ ಅದು. ದಿನ ಬಿಟ್ಟು ದಿನ ಬಂದ್, ಬಸ್ಸಿಲ್ಲ, ಶಾಲೆಯಿಲ್ಲ. ದವಾಖಾನೆಗೆ ರಾಯಚೂರಿಗೆ ಹೋಗುವ ಮಾತು ಎತ್ತಿದರೆ, "ಆ ಡಾಕ್ಟರಗಿಂತ ನನಗ ಕಾಲಿನ ಸುದ್ದಿ ಗೊತ್ತೈತಿ. ಬೈಠಕ್ ಹೊಡದ್ರ ಮೊಣಕಾಲು ಕಬ್ಬಿಣ ಆಗತಾವ" ಎಂದ. ಬಾಗಿಲು ಮುಂದೆ ಮಾಡಿ, ತಾಲೀಮಿನ ಹುಡುಗರಿಗೆ ಹೇಳಿದ ಹಾಗೆಯೇ ಪೂರ್ತಿ ಕೆಳಗೆ ಕೂಡು, ಪೂರ್ತಿ ಏಳು ಎಂದ. ಬಾಗಿಲ ಸಂದಿಯಿಂದ ನಾನು ಇಣುಕುತ್ತಿದ್ದೆ. ಅವಳು ನಾಚಿಕೆಯಿಂದ ಕಂಬ ಹಿಡಿದು ಕುಳಿತಳು, ಎದ್ದಳು. ನೋವೆಂದು ಹೇಳಲಿಲ್ಲ. ಕೆಲವೇ ದಿನಗಳಲ್ಲಿ ಮೊಣಕಾಲು ಬಾತು, ಮುಟ್ಟಿದರೆ ಸುಡುತ್ತಿತ್ತು. ಪಕ್ಕದ ಮನೆಯ ತೆಲುಗಿನ ಲಕ್ಷ್ಮಮ್ಮ ಇಣುಕಿ, "ಅಯ್ಯೋ ವದಿನಾ, ಏಮೈಂದಿ?" ಎಂದು ತನ್ನ ಭಾಷೆಯಲ್ಲಿ ಏನಾಯಿತು ಅಂತ ಕೇಳಿದಾಗಲೇ ದೊಡ್ಡವ್ವ ಅತ್ತಿದ್ದು.

ಬಸ್ಸು ಬಿಟ್ಟ ಮೊದಲ ದಿನವೇ ಮಕ್ತಲ್ ಮೇಲಿಂದ ರಾಯಚೂರಿಗೆ ಹೋದೆವು. ನಾನೂ ಹಟ ಮಾಡಿ ಜೊತೆಗೆ ಹೋಗಿದ್ದೆ. ಅಲ್ಲಿ ಒಬ್ಬ ಹೆಣ್ಣು ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಕೀಲು ಸವೆದಿದೆ, ನೆಲಕ್ಕೆ ಕೂಡುವುದು ಸದ್ಯ ಬಿಡಬೇಕು ಎಂದರು. ದೊಡ್ಡಪ್ಪ ತಾನು ಮಾಡಿಸಿದ್ದನ್ನು ಹೇಳಿದ. ಡಾಕ್ಟರು ಬೈಯಲಿಲ್ಲ. "ತೊಡಿಗೆ ಬಲ ಬರಬೇಕನ್ನೋದು ಖರೇನ ಐತ್ರಿ. ಆದರ ಪೂರ್ತಿ ಕೆಳಗ ಹೋಗಬಾರ್ದು. ನೋವು ಶುರುವಾಗೂಕಿಂತ ಮೊದಲ ನಿಲ್ಲಬೇಕು" ಎಂದು ಕುರ್ಚಿಯ ಮೇಲೆ ತಾವೇ ಕುಳಿತು ಎದ್ದು ತೋರಿಸಿದರು. ಹಿಮ್ಮಡ ನೆಲ ಬಿಡಬಾರದು, ಮೊಣಕಾಲು ಒಳಗೆ ವಾಲಬಾರದು, ಸೊಂಟ ಹಿಂದಕ್ಕೆ ಹೋಗಬೇಕು. ದೊಡ್ಡಪ್ಪ ಶಾಲೆಯ ಮಗುವಿನ ಹಾಗೆ ಎದ್ದು ನಿಂತು ಮಾಡಿ ತೋರಿಸಿ, ಸರಿಯೇ ಎಂದು ಕೇಳಿಕೊಂಡ. ತಿರುಗಿ ಬರುವಾಗ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡವ್ವನಿಗೆ ಚಹಾ ತಂದುಕೊಟ್ಟು, ತನ್ನ ಗ್ಲಾಸು ಕೈಯಲ್ಲೇ ಹಿಡಿದು, "ನಿನ್ನ ನಾನ ಕೆಡಸಿದ್ನಲ್ಲ ನೀಲವ್ವ" ಎಂದ. ಅವಳು, "ಇರಲಿ ಬಿಡ್ರಿ, ನೀವ್ ಕುಡೀರಿ, ಆರತೈತಿ" ಎಂದಳು. ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

ಬಾವು ಇಳಿಯುವವರೆಗೆ ಕಾಯ್ದರು. ಎಣ್ಣೆ ಕಾಯಿಸುವ ಕೆಲಸವನ್ನು ದೊಡ್ಡಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ. ಆಮೇಲೆ ಒಂದು ಎತ್ತರದ ಸ್ಟೂಲು ತಂದು ಗೋಡೆಗೆ ಆನಿಸಿ, ಅದರ ಮೇಲೆ ಕೌದಿಗಳನ್ನು ಮಡಚಿ ಪೇರಿಸಿದ. ಸ್ವಲ್ಪ ಬಗ್ಗಿದರೆ ಕುಂಡಿ ತಾಗುವಷ್ಟು ಎತ್ತರ. ಅಲ್ಲಿಂದ ಏಳುವುದು ಸಲೀಸಾದ ಮೇಲೆ ಒಂದು ಕೌದಿ ತೆಗೆಯುತ್ತಿದ್ದ. ತಿಂಗಳುಗಟ್ಟಲೆ ಹೀಗೆ. ಹರಕು ಸೀರೆಯಲ್ಲಿ ಉಸುಕು ತುಂಬಿ ಹೊಲಿದು, ಪಾದಕ್ಕೆ ಕಟ್ಟಿ, ಕುಳಿತಲ್ಲೇ ಕಾಲು ಚಾಚಿ ಹಿಡಿಯಲು ಹೇಳುತ್ತಿದ್ದ. ಅಖಾಡದಲ್ಲಿ ಗುಡುಗುವ ದನಿ ಇಲ್ಲಿ "ಸಾವಕಾಶ, ಸಾವಕಾಶ" ಎಂದು ಪಿಸುಗುಟ್ಟುತ್ತಿತ್ತು. ಅವಳು ಎದ್ದಾಗಲೆಲ್ಲ, ಬೀಳದಂತೆ ಎರಡೂ ಕೈ ಚಾಚಿ, ಮುಟ್ಟದೆ, ಮುಂದೆ ನಿಂತಿರುತ್ತಿದ್ದ. ನಡುನಡುವೆ ಅವಳು ನಗುತ್ತಿದ್ದಳು. ಮುಂಜಾನೆ ಆ ಮುಚ್ಚಿದ ಬಾಗಿಲ ಹಿಂದಿನಿಂದ ಬರುತ್ತಿದ್ದ ನಗೆ ನಮ್ಮ ಮನೆಗೆ ಹೊಸದು. ನಮ್ಮವ್ವ ಒಲೆಯ ಮುಂದೆ ಕುಳಿತು, ಕೇಳಿಸದವಳ ಹಾಗೆ ರೊಟ್ಟಿ ಬಡಿಯುತ್ತಿದ್ದಳು.

ತಿರುಗಿ ಮಗ್ಗಕ್ಕೆ ಕುಳಿತ ದೊಡ್ಡವ್ವ ಒಂದು ದಿನ ಅಂಚಿಗೆ ಕೈಯೂರಿ, ಒಂದು ಕಾಲು ಮೇಲಿಟ್ಟು, ಯಾರನ್ನೂ ಕರೆಯದೆ ಕುಣಿಯಿಂದ ಎದ್ದು ಬಂದಳು. ಹಿತ್ತಲಿಗೆ ಹೋಗಿ ಬಂದು, ನಿಂತಲ್ಲೇ ಒಂದು ತಂಬಿಗೆ ನೀರು ಗಟಗಟ ಕುಡಿದಳು. ದೊಡ್ಡಪ್ಪ ನೋಡಿಯೂ ನೋಡದವನ ಹಾಗೆ ಮುಖ ತಿರುಗಿಸಿದ. ಹೊಸ ರಾಜ್ಯವಾದ ದಿನ ಊರಿನ ಚೌಕದಲ್ಲಿ ಹಲಗೆ ಬಡಿದು ಗುಲಾಲು ಎರಚುತ್ತಿದ್ದಾಗ ಅವಳು ತನ್ನ ಕಾಲ ಮೇಲೆಯೇ ಅಲ್ಲಿಯವರೆಗೆ ನಡೆದು ಬಂದಿದ್ದಳು. ಬಿಳಿ ಧೋತರ ಕೆಂಪಾಗಿ ದೊಡ್ಡಪ್ಪ ಹುಡುಗರ ನಡುವೆ ಕುಣಿಯುತ್ತಿದ್ದ. "ಏ ಗಿರಿಜಾ, ನಿಮ್ಮ ದೊಡ್ಡಪ್ಪನ್ನ ನೋಡ" ಎಂದು ನನ್ನ ಕೈ ಹಿಡಿದು ನಕ್ಕಳು. ಎಲ್ಲರ ಬಾಳೂ ಇನ್ನು ನೆಟ್ಟಗಾಗುತ್ತದೆ ಎಂದು ಆ ದಿನ ಎಲ್ಲರೂ ನಂಬಿದ್ದೆವು.

ಚಳಿಗಾಲ ಬಂತು. ಒಂದು ಮುಂಜಾನೆ ತಾಲೀಮಿನಲ್ಲಿ ಅಖಾಡದ ಮಣ್ಣು ಹದ ಮಾಡುತ್ತಿದ್ದ ದೊಡ್ಡಪ್ಪ ಎದೆ ಹಿಡಿದುಕೊಂಡು ಕುಸಿದ. ಹುಡುಗರು ಹೊತ್ತು ತಂದಾಗ ಜೀವ ಇರಲಿಲ್ಲ. ನಮ್ಮಲ್ಲಿ ಹೆಣವನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ನಿಲ್ಲಿಸಿ, ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಕೂಡಿಸಿದಾಗ ದೊಡ್ಡವ್ವ ಎಲ್ಲರನ್ನೂ ತಳ್ಳಿಕೊಂಡು ಬಂದು ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಮಂದೀನೆಲ್ಲಾ ಎಬ್ಬಿಸಿದವರನ್ನ ಕೂಡಿಸಿಬಿಟ್ರಲ್ಲೋ" ಎಂದಳು.

ಆ ದಿನಗಳಲ್ಲಿ ಅವಳು ಮೂಲೆಯ ಚಾಪೆ ಬಿಟ್ಟು ಏಳಲಿಲ್ಲ. ಆಮೇಲೂ ಏಳಲಿಲ್ಲ. ನಮ್ಮವ್ವ ಸ್ಟೂಲು ತಂದಿಟ್ಟು ಕೌದಿ ಹಾಸಿ, "ಏಳಕ್ಕ, ನಾ ಹಿಡಿತೀನಿ" ಎಂದು ಕೈ ಚಾಚಿದರೆ, "ಅದನ್ನ ಅತ್ತ ಇಡವ್ವ" ಎಂದು ಗೋಡೆಯ ಕಡೆ ತಿರುಗುತ್ತಿದ್ದಳು. ಅಷ್ಟು ಕಾಲ ಕೂಡಿಸಿದ ಬಲ ಸೋರಿಹೋಯಿತು. ತೊಡೆ ಒಣಗಿ ಸೀರೆ ಜೋಲತೊಡಗಿತು. ಗದ್ವಾಲದಲ್ಲಿದ್ದ ಅವಳ ಮಗಳು ಸರೋಜಕ್ಕ ಬಂದು ಕರೆದೊಯ್ದಳು. ಅಪ್ಪ ಒಂದು ಮಗ್ಗ ಬಿಚ್ಚಿದ, ಆಮೇಲೆ ಇನ್ನೊಂದು. ನಾವು ಬೇರೆ ಊರಿಗೆ ಹೋದೆವು. ಮನೆ ಕೊಂಡವರು ಅದನ್ನು ಕೆಡವಿದರು.

ದೊಡ್ಡವ್ವನನ್ನು ಕೊನೆಯ ಸಲ ನೋಡಿದ್ದು ಗದ್ವಾಲದಲ್ಲಿ, ಒಂದು ಮಧ್ಯಾಹ್ನ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹಕ್ಕಿಯಷ್ಟಾಗಿ ಕುಳಿತಿದ್ದಳು. ಏನು ಮಾತಾಡಬೇಕೋ ತಿಳಿಯದೆ, "ದೊಡ್ಡವ್ವ, ಒಂದೀಟು ಎದ್ದು ಕುಂಡ್ರೂಣೇನು? ನಾ ಹಿಡಕೊಂತೀನಿ" ಎಂದೆ. ಸಿಡುಕಬಹುದು ಎಂದುಕೊಂಡಿದ್ದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀ ಮಾಡವ್ವ, ನಾ ನೋಡ್ತೀನಿ" ಎಂದಳು.

ಅವಳ ಎದುರು ನಿಂತು ಮಂಚದ ಅಂಚಿಗೆ ಕುಳಿತೆ, ಎದ್ದೆ. ಅವಳು ನನ್ನ ಮುಖ ನೋಡಲಿಲ್ಲ, ಮೊಣಕಾಲನ್ನೇ ನೋಡುತ್ತಿದ್ದಳು. "ಹಿಮ್ಮಡ ಏಳಾಕತ್ತೈತಿ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಸಾವಕಾಶ" ಎಂದಳು. ಅವಳ ಎರಡೂ ಕೈ ಮಡಿಲು ಬಿಟ್ಟು ಮೇಲೆದ್ದು, ನನ್ನ ಕಡೆ ಚಾಚಿ, ಗಾಳಿಯಲ್ಲಿ ನಿಂತಿದ್ದವು. ನಾನು ನಿಲ್ಲಿಸಲಿಲ್ಲ. ಅವಳೂ ಸಾಕು ಎನ್ನಲಿಲ್ಲ.